ಒಡೆಯದೆ ಇಟ್ಟ ಕಾಯಿಗಳು

ಇಂಗ್ಲಿಷರ ನಾಡಿನಲ್ಲಿ, ಎಜ್‌ವೇರ್‌ನ ನಮ್ಮ ಬೀದಿಯಲ್ಲಿ ಮನೆಗಳು ಎರಡೆರಡಾಗಿ ಅಂಟಿಕೊಂಡಿವೆ. ನಮ್ಮ ಮನೆಗೂ ವೀರಣ್ಣನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಆಚೆ ಕಡೆ ನೀಲವ್ವ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಮ್ಮಲ್ಲಿ ಬೆಳಗಾಯಿತೆಂದು ಅರ್ಥ. ನಾನು ಮೈಸೂರಿನ ಕಡೆಯವಳು, ಅವರು ಧಾರವಾಡದವರು. ಮೊದಲು ಅವರ ಮಾತು ನನಗೆ ಜಗಳದ ಹಾಗೆ ಕೇಳುತ್ತಿತ್ತು. ಆಮೇಲೆ ಅದು ಪ್ರೀತಿ ಎಂದು ತಿಳಿಯಿತು. ನನ್ನ ಯಜಮಾನರು ತೀರಿಕೊಂಡ ವರ್ಷ ಗೋಡೆಯಾಚೆಯ ರೊಟ್ಟಿ ಈಚೆಗೆ ಬರದ ದಿನವೇ ಇರಲಿಲ್ಲ.

ವೀರಣ್ಣನವರು ಅಂಚೆ ವಿಂಗಡಿಸುವ ಕೆಲಸ ಮಾಡಿ ನಿವೃತ್ತರಾದವರು. ಹಣೆಗೆ ವಿಭೂತಿ, ಮೈಗೆ ಇಸ್ತ್ರಿ ಮಾಡಿದ ಅಂಗಿ, ಮಾತಿನಲ್ಲಿ ಮನೆತನದ ಹೆಮ್ಮೆ. ಬಹಳ ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರು. ತಮ್ಮ ಗೊರಕೆಯಿಂದ ನೀಲವ್ವನಿಗೆ ನಿದ್ದೆ ಕೆಡುತ್ತದೆಂದು ಮೇಲಿನ ಚಿಕ್ಕ ಕೋಣೆಗೆ ಹಾಸಿಗೆ ಬದಲಾಯಿಸಿಕೊಂಡಿದ್ದರು. ಆ ಕೋಣೆ ನನ್ನ ಮಲಗುವ ಕೋಣೆಗೆ ಅಂಟಿಕೊಂಡಿದೆ. ಒಬ್ಬನೇ ಮಗ ಪ್ರಸಾದ ಕೌನ್ಸಿಲ್ ಆಫೀಸಿನಲ್ಲಿ ಕೆಲಸಕ್ಕಿದ್ದ. ಎತ್ತರದ ಆಳು, ಮೆತ್ತನೆಯ ಮಾತು, ನನ್ನ ಅಂಗಡಿ ಚೀಲ ಕಂಡರೆ ಕೇಳದೆಯೇ ಎತ್ತಿಕೊಳ್ಳುವವನು. ತೊಂಬತ್ತೆಂಟರ ಬೇಸಿಗೆಯಲ್ಲಿ ಅವನಿಗೆ ಧಾರವಾಡದಲ್ಲಿ ಮದುವೆಯಾಗಿ ಸ್ಫೂರ್ತಿ ಸೊಸೆಯಾಗಿ ಬಂದಳು. ಬಂದ ವಾರದಲ್ಲೇ ನನ್ನ ಅಡುಗೆಮನೆಗೆ ಬಂದು, "ಆಂಟಿ, ಇಲ್ಲಿ ನಾಯಿಗೋಳೂ ಒದರೂದಿಲ್ಲಲ್ರೀ!" ಎಂದು ನಕ್ಕವಳು. ಆ ನಗು ನಾನು ಮತ್ತೆ ಕಂಡದ್ದು ಮೂರು ವರ್ಷ ಕಳೆದ ಮೇಲೆ.

ಮದುವೆಯಾದ ವರ್ಷವೇ ಕೇಳುವವರು ಶುರು ಮಾಡಿದರು. ಯುಗಾದಿ ಊಟದಲ್ಲಿ, ನಾಮಕರಣದಲ್ಲಿ, ಸೂಪರ್‌ಮಾರ್ಕೆಟಿನ ತರಕಾರಿ ಸಾಲಿನಲ್ಲಿ ಕೂಡ. "ಏನವಾ, ಏನಾರ ವಿಶೇಷ ಐತೇನು?" ಎಂದು ಹೊಟ್ಟೆಯ ಕಡೆ ನೋಡುವುದು. ಇಲ್ಲ ಎಂದರೆ ತುಟಿ ಕಚ್ಚುವುದು.

ನೀಲವ್ವ ಕೆಟ್ಟವರಲ್ಲ. ಅವರಿಗೆ ಗೊತ್ತಿದ್ದ ದಾರಿ ಒಂದೇ, ಸೊಸೆಯ ಉಡಿ ತುಂಬಿಸುವುದು. ಮಣೆಯ ಮೇಲೆ ಕೂರಿಸಿ, ಸೆರಗು ಒಡ್ಡಿಸಿ, ಮುತ್ತೈದೆಯರು ಅಕ್ಕಿ, ಬೆಲ್ಲದಚ್ಚು, ಉತ್ತತ್ತಿ, ಅರಿಷಿಣ ಕೊಂಬು, ರವಿಕೆಯ ಖಣ, ಮೇಲೊಂದು ತೆಂಗಿನಕಾಯಿ ಹಾಕಿ ಹರಸುತ್ತಾರೆ. ಚಂದದ ಪದ್ಧತಿ. ಆದರೆ ಆ ಮನೆತನದಲ್ಲಿ ಅದಕ್ಕೊಂದು ಬಾಲವಿತ್ತು. ಮಕ್ಕಳಾಗದ ಸೊಸೆಯ ಉಡಿಗೆ ಬಿದ್ದ ಕಾಯನ್ನು ಒಡೆಯುವ ಹಾಗಿಲ್ಲ. ಅವಳು ಬಸುರಾದ ಮೇಲೆ ಅದರಲ್ಲಿ ಸಿಹಿ ಮಾಡಿ ಹಂಚಬೇಕು. ಅಲ್ಲಿಯವರೆಗೆ ಎದುರಿಗೆ ಇಟ್ಟಿರಬೇಕು. ಹೀಗಾಗಿ ಅವರ ಮುಂದಿನ ಕೋಣೆಯ ಹಲಗೆಯ ಮೇಲೆ, ಟಿವಿಯ ಪಕ್ಕದಲ್ಲಿ, ಕುಂಕುಮ ಹಚ್ಚಿದ ಕಾಯಿಗಳ ಸಾಲು ಬೆಳೆಯುತ್ತಾ ಹೋಯಿತು. ಮನೆಗೆ ಬಂದವರೆಲ್ಲ ಮೊದಲು ಆ ಸಾಲನ್ನು ನೋಡುತ್ತಿದ್ದರು, ಆಮೇಲೆ ಸ್ಫೂರ್ತಿಯನ್ನು.

ಎರಡನೆಯ ವರ್ಷ ವ್ರತಗಳು ಬಂದವು. ಸೋಮವಾರ ಒಪ್ಪತ್ತು. ಹೆಣ್ಣು ಡಾಕ್ಟರರ ಬಳಿ ಸ್ಕ್ಯಾನು, ಬಣ್ಣ ಹಾಕಿ ತೆಗೆದ ಎಕ್ಸ್‌ರೇ, ರಕ್ತ ಪರೀಕ್ಷೆ, ಎಲ್ಲವೂ ಅವಳಿಗೇ. ಎಲ್ಲವೂ ಸರಿಯಿದೆ ಎಂದು ಬಂದಾಗ ನೀಲವ್ವನ ಚಿಂತೆ ಇಳಿಯಲಿಲ್ಲ, ಹೆಚ್ಚಾಯಿತು. ಮೂರನೆಯ ಚಳಿಗಾಲ, ಫೆಬ್ರವರಿಯ ಒಂದು ಬೆಳಿಗ್ಗೆ ನಾನು ಹಿತ್ತಿಲ ಬಾಗಿಲು ತೆಗೆದರೆ ಸ್ಫೂರ್ತಿ ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ, ಅವರ ತೋಟದ ಸೇಬಿನ ಮರವನ್ನು ಸುತ್ತುತ್ತಿದ್ದಳು. ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿ ಬಿಳಿಯಾಗಿತ್ತು. ತುಟಿ ನೀಲಿ.

"ನೀಲವ್ವ, ಏನಿದು? ಹುಡುಗಿಗೆ ನ್ಯುಮೋನಿಯಾ ಬರಿಸ್ತೀರಾ?" ಎಂದೆ ಬೇಲಿಯ ಮೇಲಿಂದ.

"ಅಶ್ವತ್ಥ ಸುತ್ತಬೇಕ್ರಿ ಚಂದ್ರಕ್ಕ. ಇಲ್ಲೆಲ್ಲಿ ತರೋಣು ಅಶ್ವತ್ಥ? ಗಿಡ ಯಾವುದಾದ್ರೇನು, ದೇವರಿಗೆ ತಿಳೀತೈತಿ."

"ದೇವರಿಗೆ ಅಷ್ಟು ತಿಳಿಯೋ ಹಾಗಿದ್ರೆ ಸ್ವೆಟರ್ ಹಾಕ್ಕೊಂಡು ಸುತ್ತಿದ್ರೂ ತಿಳಿಯುತ್ತೆ."

ಅವರು ನಗಲಿಲ್ಲ. ನಾನು ತಾಳ್ಮೆಯಿಂದ ಇನ್ನೊಂದು ಮಾತು ಕೇಳಿದೆ. "ಇವಳಿಗೆ ಎಲ್ಲ ಪರೀಕ್ಷೆ ಮಾಡಿಸಿದಿರಿ. ಪ್ರಸಾದನಿಗೂ ಒಂದು ಮಾಡಿಸಬಾರದಾ?"

ನೀಲವ್ವನ ಮುಖ ಗಂಟಾಯಿತು. "ನನ್ನ ಮಗಗೇನಾಗೇತ್ರಿ? ಆರು ಫೂಟ್ ಅದಾನ. ಬಾಗಿಲದಾಗ ನಿಂತ್ರ ಬೆಳಕ ಬರೂದಿಲ್ಲ. ಗಂಡಸರಿಗೆ ಹೋಗಿ ಅಂಥಾದ್ದು ಕೇಳ್ತಾರೇನ್ರಿ?"

ಒಳಗೆ ಆ ಆರು ಅಡಿಯ ಆಳು ನಲ್ಲಿ ತಿರುಗಿಸಿ ನೀರು ಕುಡಿಯುತ್ತಿದ್ದ ಸದ್ದು ಕೇಳಿಸಿತು. ಆ ಚಳಿಗಾಲವಿಡೀ ಗೋಡೆಯಾಚೆ ಅದೇ ಸದ್ದು. ಮೆಟ್ಟಿಲ ಮೇಲೆ ಹತ್ತಿ ಇಳಿಯುವ ಹೆಜ್ಜೆ, ನಲ್ಲಿ, ಕಕ್ಕಸಿನ ನೀರು, ಮತ್ತೆ ಹೆಜ್ಜೆ. ಆ ಮನೆಯಲ್ಲಿ ಯಾರೂ ಒಂದು ಕಡೆ ಕೂರುತ್ತಿರಲಿಲ್ಲ. ಪ್ರಸಾದನ ಅಂಗಿ ಭುಜದಲ್ಲಿ ಜೋತು ಬಿದ್ದಿತ್ತು. ಸೊಸೆ ಸರಿಯಾಗಿ ಉಣ್ಣಲು ಹಾಕುವುದಿಲ್ಲ ಎಂದು ಅದನ್ನೂ ಅವಳ ಲೆಕ್ಕಕ್ಕೇ ಬರೆದರು.

ಇಲ್ಲಿಂದ ಮುಂದೆ ನಾನು ಕಣ್ಣಾರೆ ಕಾಣದ್ದೆಲ್ಲ ಸ್ಫೂರ್ತಿಯೂ ಪ್ರಸಾದನೂ ಆಮೇಲೆ ನನಗೆ ಹೇಳಿದ್ದು. ಬರೆಯಿರಿ, ಹೆಸರು ಬೇಕಾದರೂ ಬರೆಯಿರಿ ಎಂದವನು ಪ್ರಸಾದನೇ.

ಮೊದಲು ಹೇಳಿದವಳು ಸ್ಫೂರ್ತಿ. ಮಂಗಳವಾರ ಸಂಜೆ ನಾವಿಬ್ಬರೂ ಬಸ್ಸು ಹಿಡಿದು ಕಾಲೇಜಿಗೆ ಹೋಗುತ್ತಿದ್ದೆವು. ನನಗೆ ಇಂಗ್ಲಿಷ್ ತರಗತಿ, ಅವಳಿಗೆ ಕಂಪ್ಯೂಟರ್. ವಾರಕ್ಕೊಮ್ಮೆ ಅವಳಿಗೆ ಮನೆಯಿಂದ ಹೊರಗೆ ಉಸಿರಾಡಲು ಸಿಗುತ್ತಿದ್ದ ಹೊತ್ತು ಅದೊಂದೇ. ಬಸ್ ಸ್ಟಾಪಿನಲ್ಲಿ ಮಳೆಗೆ ನಿಂತಿದ್ದಾಗ, ಎದುರಿನ ಜಾಹೀರಾತಿನ ಮಗುವನ್ನು ನೋಡುತ್ತಾ, ನನ್ನ ಕಡೆ ತಿರುಗದೆ ಹೇಳಿದಳು.

"ಆಂಟಿ, ನನಗ ಕೂಸು ಹ್ಯಾಂಗ ಆಗಬೇಕ್ರಿ? ನಮ್ಮಿಬ್ಬರ ನಡುವ ಏನೂ ನಡದೇ ಇಲ್ಲ."

ನಾನು ಕೊಡೆಯನ್ನು ಅವಳ ಕಡೆ ಸರಿಸಿದೆ.

"ಮೊದಲಿಗೆ ಪ್ರಯತ್ನ ಮಾಡ್ತಿದ್ರು. ಆಗಲಿಲ್ಲ. ಆಮೇಲೆ ಗ್ವಾಡಿ ಕಡೆ ಮುಖಾ ಮಾಡಿ ಮಲಗೂದು. ಈಗ ನಾ ಮಲಗೂ ತನಕಾ ಕೆಳಗ ಟಿವಿ ನೋಡ್ಕೋತ ಕೂಡ್ತಾರ. ಯಾರಿಗೂ ಹೇಳಬ್ಯಾಡ ಅಂದಾರ, ಹೇಳಿಲ್ಲ. ನನ್ನ ಮಾರಿ ಸರಿ ಇಲ್ಲೇನೋ, ನನ್ನ ಮೈ ನಾರತೈತೇನೋ ಅಂತ ದಿನಾ ಕನ್ನಡಿ ಮುಂದ ನಿಂತು ನೋಡ್ಕೋತೇನಿ." ಸೆರಗಿನಿಂದ ಮುಖದ ಮಳೆಹನಿ ಒರೆಸಿಕೊಂಡು, "ಉಡಿ ತುಂಬಾಕ ಕುಂದ್ರಿಸಿದಾಗ ನಗು ಬರತೈತ್ರಿ, ಅಳೂನೂ ಬರತೈತಿ," ಎಂದಳು.

"ಡಾಕ್ಟರ ಹತ್ತಿರ ಹೋಗೋಕೆ ಹೇಳಬಾರದಾ?"

"ಯಾ ಡಾಕ್ಟರ್ರಿ? ನಮ್ಮ ಜಿಪಿ ಉದಯಶಂಕರ್ ಅಂಕಲ್ ಅಲ್ಲೇನ್ರಿ?"

ಅದೇ ತೊಡಕು. ಹೊರ ದೇಶಕ್ಕೆ ಬಂದ ನಾವೆಲ್ಲ ಮಾಡುವುದು ಹೀಗೇ. ನಮ್ಮ ಮಾತು ಬಲ್ಲ, ನಮ್ಮ ಹಬ್ಬಕ್ಕೆ ಬರುವ ಡಾಕ್ಟರನ್ನೇ ಹುಡುಕಿ ಜಿಪಿ, ಅಂದರೆ ಮನೆ ಡಾಕ್ಟರು, ಎಂದು ಹೆಸರು ಬರೆಸುತ್ತೇವೆ. ನೆಗಡಿ ಜ್ವರಕ್ಕೆ ಅದು ಸುಖ. ಆದರೆ ಭಾನುವಾರ ಅಪ್ಪನ ಪಕ್ಕ ಕೂತು ಹೋಳಿಗೆ ತಿನ್ನುವವರ ಮುಂದೆ ಸೋಮವಾರ ಮಗ ಹೋಗಿ ಇಂಥ ಮಾತು ಹೇಗೆ ಆಡುತ್ತಾನೆ? ಅವರು ಯಾರಿಗೂ ಹೇಳುವವರಲ್ಲ ಎಂದು ಅವನಿಗೂ ಗೊತ್ತಿತ್ತು. ಆದರೂ ಅವರ ಕಣ್ಣಲ್ಲಿ ತಾನು ಏನಾಗುತ್ತೇನೆ ಎಂಬ ಹೆದರಿಕೆ.

ಇನ್ನು ಗಂಡಸರ ಕೂಟದ ಪರಿ ಬೇರೆ. ಆ ವರ್ಷಗಳಲ್ಲಿ ಗಂಡಸರ ಬಲಹೀನತೆಗೆಂದು ಬಂದ ಹೊಸ ನೀಲಿ ಮಾತ್ರೆಯ ಸುದ್ದಿ ಎಲ್ಲ ಪತ್ರಿಕೆಯಲ್ಲೂ. ವೀರಣ್ಣನವರ ಗೆಳೆಯ ಮಹಾಲಿಂಗಪ್ಪನವರಿಗೆ ಅದರ ಮೇಲಿನ ನಗೆಮಾತು ಮುಗಿಯುತ್ತಲೇ ಇರಲಿಲ್ಲ. ಒಂದು ಊಟದಲ್ಲಿ ಪ್ರಸಾದನ ಬೆನ್ನು ತಟ್ಟಿ, "ಏನಪಾ, ಗಾಡಿ ಹೊಸಾದು ಕಾಣತೈತಿ, ಸ್ಟಾರ್ಟ್ ಆಗವಲ್ದೇನು? ನೀಲಿ ಗುಳಿಗಿ ತರಸ್ಲ್ಯಾ?" ಎಂದರು. ಎಲ್ಲರೂ ನಕ್ಕರು. ಪ್ರಸಾದನೂ ನಕ್ಕ. ಎಲ್ಲರಿಗಿಂತ ಜೋರಾಗಿ ವೀರಣ್ಣನವರು ನಕ್ಕು, "ನಮ್ಮ ಮನೆತನದಾಗ ಅಂಥಾ ಗುಳಿಗಿ ಬೇಕಾಗಿಲ್ಲೋ, ನಮ್ಮಪ್ಪಗ ಎಂಟು ಮಕ್ಕಳು!" ಎಂದರು.

ಅದಾದ ಶನಿವಾರ ಪ್ರಸಾದ ಒಬ್ಬನೇ ನಮ್ಮ ದೇಶದವರ ಅಂಗಡಿಗಳೇ ತುಂಬಿದ ಸೌತ್‌ಹಾಲಿಗೆ ಹೋದ. ಅಲ್ಲಿನ ಬ್ರಾಡ್‌ವೇ ಬೀದಿಯ ಒಂದು ಸೀರೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಡಸರ ಬಲಹೀನತೆಗೆ ಮದ್ದು ಕೊಡುವವನೊಬ್ಬ ಕೂತಿದ್ದ. ನಾಡಿ ಹಿಡಿದ ಹಾಗೆ ಮಾಡಿ, ಚಿಕ್ಕ ವಯಸ್ಸಿನ ಚಟ ಎಂದು ಗದರಿಸಿ, ಕಪ್ಪು ಪುಡಿ ಕೊಟ್ಟ. ದಿನಕ್ಕೆ ಮೂರು ಹೊತ್ತು ಜೇನಿನಲ್ಲಿ ಕಲಸಿ ನೆಕ್ಕಬೇಕು. ಪ್ರಸಾದ ಆ ಪುಡಿಯನ್ನು ಆಫೀಸಿನ ಡ್ರಾಯರಿನಲ್ಲಿಟ್ಟು, ಮೀಟಿಂಗ್‌ನಿಂದ ಎದ್ದು ಹೋಗಿ ನೆಕ್ಕುತ್ತಿದ್ದ. ಮೊದಲೇ ದಾಹ. ಈಗ ಗಂಟಲೇ ಒಣಗಿ ಹೋಗುತ್ತಿತ್ತು.

ಹೀಗಿರುವಾಗ ಒಂದು ಸಂಜೆ ಅವರ ಮುಂದಿನ ಕೋಣೆಯಲ್ಲಿ ಪಟಾರ್ ಎಂದು ಸದ್ದಾಯಿತು. ಹಲಗೆಯ ಮೇಲಿನ ಕಾಯಿಯೊಂದು ತಾನಾಗಿ ಬಿರಿದಿತ್ತು. ನೀಲವ್ವ ಓಡಿ ಬಂದು ನನ್ನನ್ನು ಕರೆದರು. ಮುಖ ಬಿಳಚಿಕೊಂಡಿತ್ತು.

"ಉಡಿ ಕಾಯಿ ಒಡದೈತ್ರಿ! ಇದು ಅಪಶಕುನ. ಈ ಹುಡುಗಿ ಉಡಿ ತುಂಬೂದಿಲ್ಲ ಅಂತ ದೇವರ ಹೇಳಾಕ ಹತ್ತ್ಯಾನ."

ನಾನು ಹಲಗೆಯ ಕೆಳಗೆ ಕೈ ಹಿಡಿದೆ. ಅಲ್ಲಿ ಕೋಣೆ ಕಾಯಿಸುವ ರೇಡಿಯೇಟರು ಕುದಿಯುತ್ತಿತ್ತು. "ದೇವರಲ್ಲ ನೀಲವ್ವ, ಸೆಂಟ್ರಲ್ ಹೀಟಿಂಗ್. ಇಷ್ಟು ಶಾಖದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಕಾಯಿ ಬಿರಿಯದೆ ಇನ್ನೇನು ಮಾಡುತ್ತೆ?"

"ನೀವು ಕಲತೋರು, ನಿಮಗ ಎಲ್ಲಾದಕ್ಕೂ ಒಂದು ಕಾರಣ ಸಿಗತೈತಿ," ಎಂದರು ವೀರಣ್ಣನವರು ಕುರ್ಚಿಯಿಂದ ಏಳದೆ. "ನಾ ನಿಶ್ಚಯ ಮಾಡೇನಿ. ಯುಗಾದಿ ಆದಮ್ಯಾಲಿನ ಐತಾರ ಕಡೀಸಾರಿ ಉಡಿ ತುಂಬಿ ಇಕೀನ್ನ ತೌರಮನಿಗೆ ಕಳಸೂದು. ಅಲ್ಲೇ ಇರಲಿ ಸ್ವಲ್ಪ ದಿನ."

"ಸ್ವಲ್ಪ ದಿನ ಅಂದ್ರೆ ಎಷ್ಟು?"

ಅವರು ಟಿವಿಯ ಕಡೆ ನೋಡಿದರು. ನೀಲವ್ವನೇ ನನ್ನನ್ನು ಬಾಗಿಲವರೆಗೆ ಬಿಡಲು ಬಂದು ಪಿಸುಗುಟ್ಟಿದರು. ಊರಿನಲ್ಲಿ ಮೈದುನ ಇನ್ನೊಂದು ಹೆಣ್ಣು ನೋಡಿಟ್ಟಿದ್ದಾನಂತೆ. ಸ್ಫೂರ್ತಿ ಹೋದಮೇಲೆ ವಿಚ್ಛೇದನದ ಕಾಗದಪತ್ರದ ಕೆಲಸ ಶುರುವಂತೆ. "ಮನಿತನ ಬೆಳೀಬೇಕಲ್ರಿ ಚಂದ್ರಕ್ಕ? ನನಗೂ ಹೊಟ್ಟಿ ಉರೀತೈತಿ. ಹುಡುಗಿ ಬಂಗಾರದಂಥಾಕಿ."

ಇನ್ನೊಂದು ಹೆಣ್ಣು! ಅವಳನ್ನು ತಂದು ಅದೇ ಮಣೆಯ ಮೇಲೆ ಕೂರಿಸಿ, ಹೊಸ ಕಾಯಿಗಳ ಸಾಲು ಇಡುವುದು. ಒಳಗಿನ ಮೆಟ್ಟಿಲ ಮೇಲೆ ಪ್ರಸಾದ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ನನ್ನ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. ಅವನು ತಿರುಗಿ ಮೇಲೆ ಹೋದ. ಮತ್ತೆ ನಲ್ಲಿಯ ಸದ್ದು.

ಯುಗಾದಿಗೆ ಇನ್ನೂ ಸ್ವಲ್ಪ ದಿನವಿರುವಾಗ ಪ್ರಸಾದ ಎಜ್‌ವೇರ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಬಿದ್ದ. ಆಸ್ಪತ್ರೆಯಲ್ಲಿ ರಕ್ತ ನೋಡಿದರೆ ಸಕ್ಕರೆ ಆಕಾಶಕ್ಕೇರಿತ್ತು. ಅಪ್ಪನ ಕಾಯಿಲೆ ಮಗನಿಗೂ ಬಂದು ವರ್ಷಗಳೇ ಆಗಿದ್ದವು, ಯಾರೂ ನೋಡಿರಲಿಲ್ಲ. ಚಿಕಿತ್ಸೆಯಾಗಿ ಸುಧಾರಿಸಿಕೊಂಡ ಮೇಲೆ ಒಬ್ಬ ಎಳೆಯ ಇಂಗ್ಲಿಷ್ ಡಾಕ್ಟರಮ್ಮ ಬಂದು ಅವನ ಕಾಲಿನ ಬೆರಳು ಮುಟ್ಟಿ ನೋಡಿದಳು. ಬೆರಳು ಜೋಮು ಹಿಡಿಯುತ್ತದೆಯೇ? ಕಣ್ಣು ಮಂಜಾಗುತ್ತದೆಯೇ? ಅದೇ ದನಿಯಲ್ಲಿ, ತಲೆಯೆತ್ತದೆ, ಶಿಶ್ನದ ಉದ್ರೇಕದಲ್ಲಿ ತೊಂದರೆಯಿದೆಯೇ ಎಂದೂ ಕೇಳಿದಳು.

ಇಲ್ಲ ಎಂದ ಪ್ರಸಾದ.

ಸರಿ ಎಂದು ಅವಳು ಹೊರಟುಹೋದಳು. ಅವನು ಹಾಸಿಗೆಯಲ್ಲಿ ಹೊರಳಾಡಿದ. ಎದ್ದು ಕೂತ. ಮತ್ತೆ ಮಲಗಿದ. ಕಾಲಿನ ಬೆರಳಿನ ಹಾಗೆ ಕೇಳಿದಳಲ್ಲ! ಜಗತ್ತಿನಲ್ಲಿ ತನ್ನೊಬ್ಬನಿಗೇ ಇದೆ ಎಂದುಕೊಂಡಿದ್ದು, ಎಲ್ಲರಿಗೂ ಕೇಳುವ ಪ್ರಶ್ನೆಯೇ ಹಾಗಾದರೆ? ಹಿಂದೆ ದಾರ ಕಟ್ಟುವ ಆಸ್ಪತ್ರೆಯ ಆ ನಿಲುವಂಗಿಯಲ್ಲೇ, ಬೆನ್ನು ಮುಚ್ಚಿಕೊಳ್ಳುತ್ತಾ, ಕಾರಿಡಾರಿಗೆ ಓಡಿ ಅವಳನ್ನು ನಿಲ್ಲಿಸಿದ. ಹೌದು, ಇದೆ, ಮದುವೆಯಾದಾಗಿನಿಂದ ಇದೆ ಎಂದ. ಅವಳು ನಗಲಿಲ್ಲ, ಕನಿಕರವನ್ನೂ ತೋರಲಿಲ್ಲ. ಬನ್ನಿ ಕೂರೋಣ ಎಂದಳು.

ಅವಳು ಹೇಳಿದ್ದನ್ನು ಪ್ರಸಾದ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ಸಕ್ಕರೆ ಕಾಯಿಲೆ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ಕೆಡಿಸುತ್ತದೆ. ಇದು ಅದರ ಒಂದು ಗುರುತು, ಎಷ್ಟೋ ಸಲ ಮೊದಲ ಗುರುತು. ಆಗಲೇ ತೋರಿಸಿದ್ದರೆ ಕಾಯಿಲೆಯೂ ಆಗಲೇ ಸಿಗುತ್ತಿತ್ತು. ಚಿಂತೆ ಸೇರಿಕೊಂಡರೆ ತೊಂದರೆ ಇಮ್ಮಡಿ. ಸಕ್ಕರೆ ಹಿಡಿತಕ್ಕೆ ಬರಲಿ, ಹೃದಯ ನೋಡೋಣ, ಆಮೇಲೆ ಮಾತ್ರೆಯಿದೆ, ಬೇರೆ ಉಪಾಯಗಳೂ ಇವೆ. ಕೆಲವರಿಗೆ ಪೂರ್ತಿ ಗುಣ, ಕೆಲವರಿಗೆ ಅರ್ಧ. ಹೆಂಡತಿಯನ್ನು ಕರೆತನ್ನಿ. ಹಾಸಿಗೆ ಪರೀಕ್ಷೆಯ ಕೋಣೆಯಲ್ಲ. ಆ ಪುಡಿಯಲ್ಲಿ ಏನಿದೆಯೋ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಜೇನಿರುವುದು ಮಾತ್ರ ಗೊತ್ತು, ಎಸೆಯಿರಿ.

ಆಸ್ಪತ್ರೆಯಿಂದ ಬಂದ ಮೇಲೆ ಪ್ರಸಾದ ಉದಯಶಂಕರರ ಬಳಿಗೂ ಹೋದ. ಬಾಗಿಲು ಹಾಕಿ ಹೇಳಿದ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರಂತೆ. "ನಿಮ್ಮನೇಲಿ ಊಟ ಮಾಡ್ತೀನಿ, ಹೇಗೆ ಕೇಳೋದು ಅಂತ ನಾನೂ ಸುಮ್ಮನಿದ್ದುಬಿಟ್ಟೆ ಪ್ರಸಾದ. ನೀನು ಹೇಳಲಿಲ್ಲ ಸರಿ, ನಾನು ಕೇಳಬೇಕಿತ್ತು," ಎಂದರಂತೆ.

ಆ ಶನಿವಾರ ಗಂಡ ಹೆಂಡತಿ ನಾರ್ದರ್ನ್ ಲೈನ್ ರೈಲು ಹತ್ತಿ ಊರಿನ ಈ ತುದಿಯಿಂದ ಆ ಕಡೆಯ ಟೂಟಿಂಗ್‌ಗೆ ಹೋದರು, ಗುರುತಿನವರು ಸಿಗಬಾರದೆಂದು. ಅಲ್ಲಿನ ಹೋಟೆಲೊಂದರಲ್ಲಿ ಕೂತು ದೋಸೆ ತಣ್ಣಗಾಗಿ ತೊಗಲಾಗುವವರೆಗೆ ಮಾತಾಡಿದರು. ಮೂರು ವರ್ಷದಲ್ಲಿ ಅದೇ ಮೊದಲ ಮಾತು ಎಂದಳು ಸ್ಫೂರ್ತಿ.

"ನಾ ಎಷ್ಟು ಸಣ್ಣಾವ ಆದೆ ನಿನ್ನ ಮುಂದ," ಎಂದನಂತೆ ಅವನು.

"ಸಣ್ಣಾವ ಆಗಿದ್ದು ಅದಕ್ಕಲ್ಲ. ನಾ ಒದ್ದಿ ಸೀರ್‍ಯಾಗ ಗಿಡಾ ಸುತ್ತೂವಾಗ ಕಿಡಕಿಯಿಂದ ನೋಡ್ಕೋತ ನಿಂತಿದ್ರಲ್ಲ, ಅದಕ್ಕ."

ಅವನು ಅತ್ತನಂತೆ. ಅವಳು ಅವನ ತಟ್ಟೆಯ ದೋಸೆ ಎಳೆದುಕೊಂಡು, "ಅಳೂದು ಮುಗಿಸ್ರಿ, ಹೊಸಾ ದೋಸಿ ಹೇಳ್ರಿ. ನನಗ ಕೂಸು ಆಮ್ಯಾಲೆ. ಮೊದಲ ನೀವು ಗ್ವಾಡಿ ಕಡಿಂದ ಈ ಕಡೆ ಹೊಳ್ಳ್ರಿ ಸಾಕು," ಎಂದಳಂತೆ.

ಅವರಿಬ್ಬರ ನಡುವಿನ ಗಂಟು ಸಡಿಲವಾಯಿತು. ಆದರೆ ಹಿರಿಯರ ಮುಂದೆ ಬಾಯಿ ಬಿಡುವುದು ಬೇರೆ ಮಾತು. ಆಸ್ಪತ್ರೆ ಸೇರಿದ್ದು ಸಕ್ಕರೆ ಕಾಯಿಲೆಗೆ ಎಂದಷ್ಟೇ ಅವರಿಗೆ ಗೊತ್ತು. ಯುಗಾದಿ ಆಯಿತು. ಸೂಟ್‌ಕೇಸು ಮೆಟ್ಟಿಲ ಕೆಳಗೆ ಬಂದು ನಿಂತಿತು. ಪ್ರಸಾದ ದಿನವೂ ಹೇಳುತ್ತೇನೆ ಎನ್ನುವುದು, ಅಪ್ಪನ ಕುರ್ಚಿಯವರೆಗೆ ಹೋಗಿ ಹವಾಮಾನದ ಮಾತಾಡಿ ಬರುವುದು. ನನ್ನ ಮನೆಗೆ ಬಂದು ಕೂರುವುದು, ಏಳುವುದು. "ಯಾಕಪ್ಪ ಹೆದರಿಕೆ?" ಎಂದು ಕೇಳಿದೆ.

"ಡ್ಯಾಡ್ ಬೈದ್ರ ತಡ್ಕೋಬಹುದು ಆಂಟಿ. ಅವರು ತಲಿ ತಗ್ಗಿಸಿದ್ರ ತಡ್ಕೊಳ್ಳಾಕ ಆಗೂದಿಲ್ಲ."

"ನೀನು ಸುಮ್ಮನಿದ್ದರೆ ತಲೆ ತಗ್ಗಿಸಿಕೊಂಡು ವಿಮಾನ ಹತ್ತೋದು ಯಾರು ಅಂತ ನೋಡು," ಎಂದೆ.

ಅವನು ಎದ್ದ. ಟೀ ಕುಡಿಯದೆ ಹೋದ.

ಆ ಭಾನುವಾರ ಮನೆ ತುಂಬ ಜನ. ಮುಂದಿನ ಕೋಣೆಯಲ್ಲಿ ಹೆಂಗಸರು, ಹಿಂದಿನ ಕೋಣೆಯಲ್ಲಿ ಗಂಡಸರು, ನಡುವಿನ ಮಡಚುವ ಬಾಗಿಲು ತೆರೆದಿತ್ತು. ವಿಧವೆಯಾದ ನನಗೆ ಉಡಿ ತುಂಬುವ ಅಧಿಕಾರವಿಲ್ಲವಾದ್ದರಿಂದ ಯಾವಾಗಿನಂತೆ ಹೊರಬಾಗಿಲ ಬಳಿ ಕುರ್ಚಿ. ಸ್ಫೂರ್ತಿ ಇಳಕಲ್ ಸೀರೆಯುಟ್ಟು ಮಣೆಯ ಮೇಲೆ ಕೂತಿದ್ದಳು. ಕಣ್ಣು ನೆಲದ ಕಡೆ. ಹಲಗೆಯ ಮೇಲಿನ ಕಾಯಿಗಳು ಅವಳ ಬೆನ್ನ ಹಿಂದೆ ಸಾಲಾಗಿ ನಿಂತಿದ್ದವು. ನೀಲವ್ವ ಬೊಗಸೆಯಲ್ಲಿ ಅಕ್ಕಿ ತೆಗೆದುಕೊಂಡರು.

"ಯವ್ವಾ, ಒಂದ್ ನಿಮಿಷ."

ಪ್ರಸಾದ ಗಂಡಸರ ಕಡೆಯಿಂದ ಎದ್ದು ಬಂದ. ಹೆಗಲ ಮೇಲಿನ ಶಾಲು ತೆಗೆದ. ಸ್ಫೂರ್ತಿಯ ಪಕ್ಕ ಬರಿ ಕಾರ್ಪೆಟ್ಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಶಾಲನ್ನು ಮಡಿಲಲ್ಲಿ ಹರವಿ ಎರಡೂ ತುದಿ ಹಿಡಿದ.

"ತುಂಬೂದಿದ್ರ ನನ್ನ ಉಡಿ ತುಂಬ್ರಿ."

ಹೆಂಗಸರು ಕಿಸಕ್ಕನೆ ನಕ್ಕರು. ಹಿಂದಿನಿಂದ ಮಹಾಲಿಂಗಪ್ಪ, "ಲೇ ಪ್ರಸಾದಾ, ಗಂಡಸರ ಉಡಿ ತುಂಬೂ ಪದ್ಧತಿ ಯಾವಾಗ ಬಂತೋ? ಬಳೀನೂ ಇಡಸ್ಕೋತೀ ಏನ?" ಎಂದರು. ಇನ್ನಷ್ಟು ನಗು.

"ಇಡಸ್ಕೋತೇನ್ರಿ ಕಾಕಾ, ಅದರಿಂದ ಗುಣಾ ಆಗೂದಿದ್ರ." ಪ್ರಸಾದ ಶಾಲಿನ ತುದಿಗಳನ್ನು ಬಿಡಲಿಲ್ಲ. ದನಿಯೂ ಗಟ್ಟಿಯಾಗಿತ್ತು. "ಕೂಸು ಆಗವಲ್ದು ಅಂತ ಇಕೀ ಉಡಿ ತುಂಬಾಕ ಹತ್ತೀರಿ. ಆಗದಿದ್ದದ್ದು ನನ್ನ ಕಡಿಂದ. ಲಗ್ನ ಆದಾಗಿಂದ ಗಂಡಾ ಹೆಂಡ್ತಿ ಕೂಡೂದು ನನ್ನ ಕಡಿಂದ ಆಗಿಲ್ಲ. ಸಕ್ಕರಿ ಬ್ಯಾನಿ ನರಕ್ಕ ಇಳದೈತಿ ಅಂತ ಡಾಕ್ಟರ್ ಹೇಳ್ಯಾರ, ಔಷಧ ನಡದೈತಿ. ಕಣ್ಣ ಮಂಜಾದ್ರ ಚಸ್ಮಾ ಹಾಕ್ಕೋತೇವಿ, ಯಾರೂ ನಗೂದಿಲ್ಲ. ಇದಕ್ಯಾಕ ನಗಬೇಕು? ಇಕೀಗೆ ಏನೂ ಆಗಿಲ್ಲ. ಇಕಿ ಎಲ್ಲೂ ಹೋಗೂದಿಲ್ಲ. ಹೋಗೂದಾದ್ರ ಇಬ್ರೂ ಹೋಗ್ತೇವಿ."

ನಗು ಎಲ್ಲಿ ಹೋಯಿತೋ! ಯಾರೋ ತಟ್ಟೆ ಕೆಳಗಿಟ್ಟ ಸದ್ದು. ಮಹಾಲಿಂಗಪ್ಪ ತಮ್ಮ ಬೂಟಿಲ್ಲದ ಕಾಲುಗಳನ್ನು ನೋಡಿಕೊಳ್ಳುತ್ತಿದ್ದರು.

ವೀರಣ್ಣನವರು ಎದ್ದು ನಿಂತರು. "ಮುಚ್ಚಲೇ ಬಾಯಿ! ಹೆಣ್ಮಕ್ಕಳ ಮುಂದ ಏನು ಮಾತಾಡಾಕ ಹತ್ತಿ? ಮರ್ಯಾದಿ ಐತೋ ಇಲ್ಲೋ? ನಮ್ಮ ಮನೆತನದ ಗಂಡಸರಿಗೆ ಇಂಥಾದ್ದು ಎಂದೂ ಬಂದಿಲ್ಲ!"

ನೀಲವ್ವನ ಬೊಗಸೆಯಲ್ಲಿ ಅಕ್ಕಿ ಹಾಗೇ ಇತ್ತು. ಅವರು ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು. ಆಮೇಲೆ ನಿಧಾನವಾಗಿ ಗಂಡನ ಕಡೆ ತಿರುಗಿದರು. ಕೋಪವಿರಲಿಲ್ಲ. ಬಹಳ ದಿನದಿಂದ ಹುಡುಕುತ್ತಿದ್ದ ವಸ್ತು ಕೈಗೆ ಸಿಕ್ಕವರ ಮುಖ ಅದು.

"ಎಂದೂ ಬಂದಿಲ್ಲೇನ್ರಿ?" ಎಂದರು.

ಅಷ್ಟೇ. ವೀರಣ್ಣನವರು ಗೋಡೆ ಹಿಡಿದು ಕೂತರು.

ನೀಲವ್ವ ಬೊಗಸೆಯ ಅಕ್ಕಿಯನ್ನು ಅರ್ಧ ಸೊಸೆಯ ಸೆರಗಿಗೆ, ಅರ್ಧ ಮಗನ ಶಾಲಿಗೆ ಸುರಿದರು. "ಇಬ್ರೂ ಚೊಲೋತಂಗ ಇರ್ರೆಪಾ," ಎಂದರು. ಮಕ್ಕಳ ಮಾತು ಎತ್ತಲಿಲ್ಲ. ಆಮೇಲೆ ಹಲಗೆಯಿಂದ ಒಂದು ಕಾಯಿ ತೆಗೆದು ನೇರ ನನ್ನ ಬಳಿ ಬಂದರು. "ಚಂದ್ರಕ್ಕ, ನೀವು ಬಾಗಲಾ ಕಡೆ ಕುಂತೀರಿ. ಹೊಚ್ಚಲ ಕಲ್ಲಿಗೆ ಇದನ್ನೊಂದು ಒಡದು ಕೊಡ್ರಿ."

ನಾನು ಒಡೆದೆ.

ಜನ ಹೋದಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ನೀಲವ್ವ ಹೇಳಿದರು. "ಗೊರಕಿ ಅಂತ ಹೇಳಿ ಆ ಖೋಲಿಗೆ ಹೋದ್ರು. ನಾ ಮುದುಕಿ ಆದೆ, ಅದಕ್ಕ ನನ್ನ ಮ್ಯಾಲೆ ಮನಸಿಲ್ಲ ಅಂತ ತಿಳಕೊಂಡಿದ್ದೆ. ಕೈ ಹಿಡಿದ್ರೂ ಕೊಸರಿಕೋತಿದ್ರು. ಇಷ್ಟು ವರ್ಷ ನಾ ಇದನ್ನ ಎದಿಯಾಗ ಇಟ್ಕೊಂಡು, ಆ ಸಿಟ್ಟೆಲ್ಲಾ ಆ ಹುಡುಗಿ ಮ್ಯಾಲೆ ತೆಗದ್ನೇನೋ."

ನಾನು ಆಗ ಹೇಳಿದೆ. ಆ ಕೋಣೆ ನನ್ನ ಕೋಣೆಗೆ ಅಂಟಿಕೊಂಡಿದೆ, ಆ ಗೋಡೆಯಿಂದ ನನಗೆ ಒಂದು ರಾತ್ರಿಯೂ ಗೊರಕೆ ಕೇಳಿಸಿಲ್ಲ, ಹೊರಳಾಡುವ ಮಂಚದ ಸದ್ದು ಮಾತ್ರ ಕೇಳಿಸಿದೆ ಎಂದು. ನೀಲವ್ವ ಒರೆಸುವ ಬಟ್ಟೆಯಿಂದಲೇ ಮುಖ ಮುಚ್ಚಿಕೊಂಡರು.

ಹಲಗೆಯ ಮೇಲಿನ ಕಾಯಿಗಳನ್ನೆಲ್ಲ ಮರುದಿನ ಒಡೆದರು. ಕೆಲವು ಕೊಳೆತು ನಾರುತ್ತಿದ್ದವು. ಉಳಿದವು ಒಳ್ಳೆಯ ಕೊಬ್ಬರಿಯಾಗಿದ್ದವು. ಸ್ಫೂರ್ತಿ ಅದರಲ್ಲಿ ಚಟ್ನಿಪುಡಿ ಮಾಡಿ ತಂದುಕೊಟ್ಟು, "ಕೂಸಿನ ಸಿಹಿ ಅಲ್ರಿ ಆಂಟಿ, ಖಾರ!" ಎಂದು ನಕ್ಕಳು. ಬಂದ ವಾರದ ಅದೇ ನಗು. ಸೂಟ್‌ಕೇಸು ಮಹಡಿಗೆ ವಾಪಸು ಹೋಯಿತು. ಊರಿನಲ್ಲಿ ನೋಡಿಟ್ಟ ಹುಡುಗಿಗೂ ಒಂದು ಕೇಡು ತಪ್ಪಿತು. ಅವಳಿಗೆ ಅದು ಗೊತ್ತೇ ಇಲ್ಲ.

ಅವರಿಗೆ ಮಗುವಾಯಿತೇ ಎಂದು ಓದುವವರು ಕೇಳುತ್ತೀರಿ. ಆ ಪ್ರಶ್ನೆಯನ್ನು ಬಿಡಿ ಎಂದು ಹೇಳಲೆಂದೇ ಇಷ್ಟು ಬರೆದೆ. ಕೇಳಲೇಬೇಕಿದ್ದರೆ ಚೆನ್ನಾಗಿದ್ದೀರಾ ಎಂದು ಕೇಳಿ. ನಿಮ್ಮ ಮಗ ನೀರು ಕುಡಿಯುತ್ತಾ ಮನೆಯೆಲ್ಲ ಅಲೆದರೆ, ನಿಮ್ಮ ಗಂಡ ಕಾರಣವಿಲ್ಲದೆ ಬೇರೆ ಕೋಣೆ ಹಿಡಿದರೆ, ನಗಬೇಡಿ, ಗದರಬೇಡಿ, ವ್ರತ ಹೇಳಬೇಡಿ. ಕಾಲಿನ ಬೆರಳು ಹೇಗಿದೆ ಎನ್ನುವ ದನಿಯಲ್ಲಿ ಕೇಳಿ.

ವೀರಣ್ಣನವರು ಹಲವು ವಾರ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ನಾನು ಮುಂದಿನ ಗಿಡಕ್ಕೆ ನೀರು ಹಾಕುತ್ತಿದ್ದೆ. ಸೇಬಿನ ಹೂವಿನ ವಾಸನೆ ಹಿತ್ತಿಲಿನಿಂದ ಬರುತ್ತಿತ್ತು. ಪಕ್ಕದ ಬಾಗಿಲು ತೆರೆದು ಅವರು ಹೊರಗೆ ಬಂದರು. ನನ್ನನ್ನು ಕಂಡು ಮತ್ತೆ ಒಳಗೆ ಕಾಲಿಟ್ಟರು. ಹಿಂದಿನಿಂದ ನೀಲವ್ವ, "ನಡೀರಿ ಮುಂದ! ಕೋಟ್ ಹಾಕ್ಕೊಂಡಿದ್ದು ಹೊಳ್ಳಿ ಹೋಗಾಕಲ್ಲ," ಎಂದು ಅವರ ತೋಳು ಹಿಡಿದುಕೊಂಡೇ ಮೆಟ್ಟಿಲಿಳಿಸಿದರು. ಅವರು ಕೊಸರಿಕೊಳ್ಳಲಿಲ್ಲ.

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೇಳದಿದ್ದರೂ ನೀಲವ್ವ ಗೇಟಿನ ಬಳಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ಡಾಕ್ಟರ್ ಕಡೆ ಹೊಂಟೇವ್ರಿ ಚಂದ್ರಕ್ಕ. ಇಬ್ರೂ."